ಪೆಟ್ಟಿಗೆಯ ಮೇಲೆ ಅಚ್ಚಿನ ಇಸವಿಯೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಹವ್ಯಾಸ ಪುಟದಲ್ಲಿ ಹೊಸ ಸ್ಕೇಲ್ ಮಾಡೆಲ್ ಕಿಟ್‌ಗಳ ಬಗ್ಗೆ ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ವಿಮಾನ, ಹಡಗು, ಟ್ಯಾಂಕ್‌ಗಳ ಪುಟ್ಟ ಪ್ರತಿರೂಪಗಳನ್ನು ಬಿಡಿಭಾಗಗಳಿಂದ ಜೋಡಿಸಿ, ಬಣ್ಣ ಹಚ್ಚಿ, ಗುರುತುಗಳನ್ನು ಅಂಟಿಸಿ ಪೂರ್ಣಗೊಳಿಸುವ ಈ ಕೆಲಸವನ್ನು ಮಕ್ಕಳಾಟವೆಂದು ತಳ್ಳಿಹಾಕದೆ ಅರ್ಧ ಪುಟ ಜಾಗ ಕೊಟ್ಟದ್ದಕ್ಕೆ, ಇಪ್ಪತ್ತೈದು ವರ್ಷಗಳಿಂದ ಬಿಡುವಿನ ಸಂಜೆಗಳನ್ನೆಲ್ಲ ಇದಕ್ಕೇ ಮೀಸಲಿಟ್ಟಿರುವ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಆ ಬರಹದಲ್ಲಿ ‘ಹೊಸ ಕಿಟ್’ ಎಂದು ಪರಿಚಯಿಸಿರುವ ಪೆಟ್ಟಿಗೆಗಳಲ್ಲಿ ಕೆಲವು, ಹೊರಗಿನ ಚಿತ್ರ ಮತ್ತು ಒಳಗಿನ ಡೆಕಾಲ್ (ಅಂಟಿಸುವ ಗುರುತುಗಳ) ಹಾಳೆಯ ಮಟ್ಟಿಗೆ ಮಾತ್ರ ಹೊಸವು. ಅವುಗಳೊಳಗಿನ ಪ್ಲಾಸ್ಟಿಕ್ ಭಾಗಗಳು ಹಲವು ದಶಕಗಳ ಹಿಂದೆ ಕೊರೆದ ಅಚ್ಚುಗಳಿಂದ ಬಂದವು. ಲೇಖಕರ ತಪ್ಪು ಇದರಲ್ಲಿ ಹೆಚ್ಚಿಲ್ಲ, ಏಕೆಂದರೆ ಪೆಟ್ಟಿಗೆಯ ಮೇಲೆ ಆ ಸಂಗತಿ ಬರೆದಿರುವುದೇ ಅಪರೂಪ. ಅದನ್ನು ಬರೆಯಬೇಕು ಎಂದು ಕೇಳುವುದಕ್ಕಾಗಿಯೇ ಈ ಪತ್ರ.

ವಿಷಯ ಎಷ್ಟು ಗಂಭೀರ ಎಂದು ಯಾರಾದರೂ ಕೇಳಬಹುದು. ನನಗೆ ಅದು ಮನದಟ್ಟಾದದ್ದು ಅಕ್ಕನ ಮಗನಿಂದ. ಹನ್ನೊಂದು ವರ್ಷದ ಹುಡುಗ, ನನ್ನ ಮೇಜಿನ ಪಕ್ಕ ನಿಂತು ನೋಡಿ ನೋಡಿ ತನಗೂ ಒಂದು ಬೇಕೆಂದ. ಹೊಳೆಯುವ ಪೆಟ್ಟಿಗೆ, ಮೋಡ ಸೀಳಿಕೊಂಡು ಬರುತ್ತಿರುವ ಯುದ್ಧವಿಮಾನದ ಚಿತ್ರ, ಮೂಲೆಯಲ್ಲಿ ‘ಹೊಸತು’ ಎಂಬ ಪಟ್ಟಿ ಇದ್ದ 1/72 ಪ್ರಮಾಣದ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆಯ, ಒಂದು ಕಿಟ್ಟನ್ನು ನಾನೇ ತಂದುಕೊಟ್ಟೆ. ಮೊದಲ ಕಿಟ್ ಅವನದೇ ಆಗಲಿ ಎಂದು ನಾನು ತೆರೆದೂ ನೋಡಲಿಲ್ಲ. ನಾಲ್ಕು ದಿನದ ಮೇಲೆ ಅವನು ಅದನ್ನು ಹಳೆಯ ಬಟ್ಟೆಯೊಂದರಲ್ಲಿ ಸುತ್ತಿ ತಂದ. ರೆಕ್ಕೆ ಮತ್ತು ಒಡಲು ಸೇರುವ ಕಡೆ ಉಗುರು ತೂರುವಷ್ಟು ಸಂದು ಉಳಿದಿತ್ತು. ಆ ಸಂದನ್ನು ಮುಚ್ಚಲು ಅವನು ಅಂಟು ಸುರಿದಿದ್ದ. ಕಿಟ್ಟುಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ಗೆ ಬಳಸುವ ಅಂಟು ನಿಜವಾಗಿ ಅಂಟಲ್ಲ, ಅದೊಂದು ದ್ರಾವಕ. ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುವುದು ಅದರ ಕೆಲಸವೇ ಹೊರತು ತೆರಪನ್ನು ತುಂಬುವುದಲ್ಲ. ಹೀಗಾಗಿ ರೆಕ್ಕೆಯ ಬುಡ ಮೆತ್ತಗಾಗಿ, ಒತ್ತಿ ಹಿಡಿದಿದ್ದ ಅವನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಅಲ್ಲಿ ಮೂಡಿ ಗಟ್ಟಿಯಾಗಿತ್ತು. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ ಒಡಲಿಗಿಂತ ಒಂದು ಮಿಲಿಮೀಟರಿನಷ್ಟು ಅಗಲವಾಗಿತ್ತು. ಅದಕ್ಕೆ ಅವನು ಹಾಕಿದ್ದ ಸೂಪರ್ ಗ್ಲೂನಿಂದ ಎದ್ದ ಆವಿ ಗಾಜಿನಂತಿರಬೇಕಾದ ಭಾಗವನ್ನು ಹಾಲಿನ ಬಣ್ಣಕ್ಕೆ ತಿರುಗಿಸಿತ್ತು. “ಮಾವ, ನನ್ನ ಕೈಗೆ ಇದು ಒಗ್ಗೋದಿಲ್ಲ ಅನ್ಸುತ್ತೆ” ಎಂದ.

ಒಂದು ರೆಕ್ಕೆಯ ಮೇಲ್ಭಾಗ ಮತ್ತು ಕೆಳಭಾಗ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಚಾಕುವಿನ ಮೊನೆಯಿಂದ ಅವನ್ನು ಮೆಲ್ಲನೆ ಬಿಡಿಸಿ ಒಳಗೆ ದೀಪ ಹಿಡಿದೆ. ಬಹಳಷ್ಟು ಅಚ್ಚುಗಳಲ್ಲಿ, ಜೋಡಿಸಿದ ಮೇಲೆ ಕಣ್ಣಿಗೆ ಬೀಳದಂತಹ ಇಂಥ ಜಾಗದಲ್ಲಿ ತಯಾರಕರ ಹೆಸರು ಮತ್ತು ಹಕ್ಕುಸ್ವಾಮ್ಯದ ಇಸವಿ ಕೊರೆದಿರುತ್ತದೆ. ಅಲ್ಲಿದ್ದ ನಾಲ್ಕು ಅಂಕಿಗಳು ನನ್ನ ಹುಟ್ಟಿಗಿಂತ ಹಿಂದಿನವು. ಹುಡುಗನ ಕೈಯಲ್ಲಿ ದೋಷವಿರಲಿಲ್ಲ. ನುರಿತವರು ಕೂಡ ಪುಟ್ಟಿ, ಅರ, ಉಪ್ಪುಕಾಗದಗಳೊಂದಿಗೆ ವಾರಗಟ್ಟಲೆ ಸೆಣಸಬೇಕಾದ ಕಿಟ್ಟನ್ನು ಎಳೆಯನೊಬ್ಬನ ಮೊದಲ ಕಿಟ್ಟಾಗಿ, ಹೊಸತೆಂಬ ಹೆಸರಿನಲ್ಲಿ ನಾನು ಅವನ ಕೈಗಿತ್ತಿದ್ದೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ರೂಢಿ ಒಬ್ಬರದಲ್ಲ.

ಅಚ್ಚಿನ ವಯಸ್ಸು ಏಕೆ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಕಿಟ್ಟಿನ ಭಾಗಗಳು ತಯಾರಾಗುವುದು ಉಕ್ಕಿನ ಎರಡು ದಿಮ್ಮಿಗಳನ್ನು ಒತ್ತಿ ಹಿಡಿದು, ಅವುಗಳ ನಡುವಿನ ಟೊಳ್ಳಿಗೆ ಕರಗಿದ ಪಾಲಿಸ್ಟೈರೀನನ್ನು ಭಾರೀ ಒತ್ತಡದಲ್ಲಿ ನುಗ್ಗಿಸುವ ಕ್ರಮದಿಂದ. ದಿಮ್ಮಿಗಳು ಸೇರುವ ಕಡೆ ಒಂದು ತೆಳು ಗೆರೆ ಉಳಿಯುತ್ತದೆ. ಆರಿದ ಭಾಗವನ್ನು ಹೊರದಬ್ಬುವ ಸರಳುಗಳು ಅಲ್ಲಲ್ಲಿ ದುಂಡನೆಯ ಕಲೆ ಬಿಡುತ್ತವೆ. ದಪ್ಪ ಭಾಗಗಳು ಆರುವಾಗ ಕುಗ್ಗಿ ಮೇಲ್ಮೈಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ಇವು ಹೊಸ ಅಚ್ಚಿನಲ್ಲೂ ಇರುತ್ತವೆ. ಆದರೆ ಸಾವಿರಾರು ಸಲ ಒತ್ತಿಸಿಕೊಂಡು ಅಂಚು ಸವೆದ ಅಚ್ಚಿನಲ್ಲಿ, ದಿಮ್ಮಿಗಳ ಸಂದಿನಿಂದ ಪ್ಲಾಸ್ಟಿಕ್ ಹೊರಗೆ ಒಸರಿ ಪ್ರತಿ ಭಾಗದ ಸುತ್ತ ತೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ. ದೊಡ್ಡ ಭಾಗಗಳಿಂದ ಅದನ್ನು ಕೆರೆದು ತೆಗೆಯಬಹುದು. ಬೆಂಕಿಕಡ್ಡಿಗಿಂತ ಸಣಕಲಾದ ಚಕ್ರದ ಕಾಲಿನಿಂದ ತೆಗೆಯಲು ಹೋದರೆ ಪೊರೆಗಿಂತ ಮೊದಲು ಕಾಲೇ ಮುರಿಯುತ್ತದೆ.

ಇನ್ನು ಮೇಲ್ಮೈಯ ಗೆರೆಗಳ ವಿಚಾರ. ವಿಮಾನದ ಮೈ ಲೋಹದ ತಗಡುಗಳಿಂದಾದದ್ದು; ಆ ತಗಡುಗಳು ಸೇರುವ ಗೆರೆಗಳನ್ನು ಕಿಟ್ಟಿನಲ್ಲೂ ತೋರಿಸಬೇಕು. ಹಿಂದೆ ಮರ ಮುಂತಾದವುಗಳಲ್ಲಿ ನಿಜವಾದ ಕಿಟ್ಟಿಗಿಂತ ಹಲವು ಪಟ್ಟು ದೊಡ್ಡ ಮೂಲಮಾದರಿಯನ್ನು ಕೈಯಿಂದ ಕೆತ್ತಿ, ಪ್ಯಾಂಟೊಗ್ರಾಫ್ ಯಂತ್ರದ ನೆರವಿನಿಂದ ಅದನ್ನು ಕಿರಿದುಗೊಳಿಸಿ ಉಕ್ಕಿಗೆ ಇಳಿಸುತ್ತಿದ್ದರು. ಉಕ್ಕಿನ ಮೇಲೆ ಒಂದು ಗೀರು ಎಳೆಯುವುದು ಸುಲಭ, ಆದರೆ ಉಕ್ಕಿನಲ್ಲಿ ಗೀರಾದದ್ದು ಪ್ಲಾಸ್ಟಿಕ್ಕಿನಲ್ಲಿ ಉಬ್ಬಾಗಿ ಬರುತ್ತದೆ. ಹಳೆಯ ಕಿಟ್ಟುಗಳ ಮೈತುಂಬ ಉಬ್ಬುಗೆರೆಗಳಿರುವುದು ಇದರಿಂದಲೇ. ಸಂದು ತುಂಬಿ ಉಪ್ಪುಕಾಗದ ತಿಕ್ಕಿದೊಡನೆ ಅವು ಅಳಿಸಿಹೋಗುತ್ತವೆ, ಮತ್ತೆ ಮೂಡಿಸುವುದು ಕಷ್ಟ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ವಿದ್ಯುತ್ ಕಿಡಿಗಳಿಂದ ಉಕ್ಕನ್ನು ತಿನ್ನಿಸುವ ಯಂತ್ರಗಳು ಬಂದ ಮೇಲೆ, ಕೂದಲೆಳೆಯಂಥ ತಗ್ಗುಗೆರೆಗಳು ಸಾಧ್ಯವಾದವು. ಎರಡು ದಿಮ್ಮಿಗಳ ಜತೆಗೆ ಪಕ್ಕದಿಂದ ಸರಿಯುವ ಮೂರನೆಯ ತುಂಡನ್ನೂ ಸೇರಿಸುವ ಸ್ಲೈಡ್ ಅಚ್ಚುಗಳು ಬಂದ ಮೇಲೆ, ಬಂದೂಕಿನ ನಳಿಗೆಯ ತುದಿಯಲ್ಲಿ ನಿಜವಾದ ತೂತೇ ಮೂಡತೊಡಗಿತು. ಅದಕ್ಕೆ ಮೊದಲು ಆ ತೂತನ್ನು ನಾವು ಸೂಜಿಯಂಥ ಬೈರಿಗೆಯಿಂದ ಉಸಿರು ಬಿಗಿಹಿಡಿದು ಕೊರೆಯುತ್ತಿದ್ದೆವು.

ಇವೆಲ್ಲ ಕೇವಲ ಚೆಂದದ ಮಾತಲ್ಲ, ಲೆಕ್ಕದ ಮಾತೂ ಹೌದು. 1/72 ಪ್ರಮಾಣದಲ್ಲಿ ಆರಡಿ ಎತ್ತರದ ಮನುಷ್ಯ ಸರಿಯಾಗಿ ಒಂದು ಅಂಗುಲ ನಿಲ್ಲುತ್ತಾನೆ, 11.23 ಮೀಟರ್ ರೆಕ್ಕೆಹರವಿನ ಸ್ಪಿಟ್‌ಫೈರ್ ವಿಮಾನ 156 ಮಿಲಿಮೀಟರಿಗೆ ಇಳಿಯುತ್ತದೆ. ಅಂಥ ಕಿಟ್ಟಿನ ಮೇಲೆ 0.3 ಮಿಲಿಮೀಟರ್ ಅಗಲದ ತಗ್ಗುಗೆರೆ ಇದ್ದರೆ, ನಿಜವಾದ ವಿಮಾನದಲ್ಲಿ ಅದು ಎರಡು ಸೆಂಟಿಮೀಟರಿಗೂ ಮಿಗಿಲಾದ ಸಂದು; ಹಾರುವ ಯಂತ್ರದ ತಗಡುಗಳ ನಡುವೆ ಬೆರಳು ತೂರುವಷ್ಟು ತೆರಪು. ರೆಕ್ಕೆ ಒಂದು ಮಿಲಿಮೀಟರ್ ತಪ್ಪಿದರೆ ನಿಜದಲ್ಲಿ ಏಳು ಸೆಂಟಿಮೀಟರ್ ತಪ್ಪಿದಂತೆ. ಹಡಗುಗಳಲ್ಲಿ ಇದು ಇನ್ನೂ ಕಠಿಣ: 269 ಮೀಟರ್ ಉದ್ದದ ಟೈಟಾನಿಕ್ 1/700ರಲ್ಲಿ 384 ಮಿಲಿಮೀಟರ್ ಆಗುವಾಗ ಅದರ ಕಟಾಂಜನದ ಸರಳುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಒತ್ತಲು ಸಾಧ್ಯವೇ ಇಲ್ಲ, ಆಮ್ಲದಿಂದ ಕೊರೆದ ಹಿತ್ತಾಳೆ ತಗಡನ್ನೇ ಬಳಸಬೇಕು. ಆದ್ದರಿಂದ ಅಚ್ಚು ಯಾವ ಕಾಲದ್ದು, ಯಾವ ವಿಧಾನದ್ದು ಎಂದು ತಿಳಿಯದೆ ಕಿಟ್ಟು ಕೊಳ್ಳುವವನು ಅರ್ಧ ಕಣ್ಣು ಮುಚ್ಚಿಕೊಂಡೇ ಕೊಳ್ಳುತ್ತಾನೆ.

ಅಚ್ಚುಗಳು ಇಷ್ಟು ದೀರ್ಘಕಾಲ ಬಾಳುವುದಕ್ಕೆ, ಕೈಯಿಂದ ಕೈಗೆ ಹೋಗುವುದಕ್ಕೆ ಕಾರಣವೂ ಇದೆ. ಉಕ್ಕಿನ ಅಚ್ಚು ಕೊರೆಸುವುದೇ ಈ ಉದ್ಯಮದ ಅತಿದೊಡ್ಡ ವೆಚ್ಚ; ಒಮ್ಮೆ ಕೊರೆಸಿದ್ದನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ. 1936ರಲ್ಲಿ ಪೆಂಗ್ವಿನ್ ಎಂಬ ಹೆಸರಿನಲ್ಲಿ ಮೊತ್ತಮೊದಲ ಪ್ಲಾಸ್ಟಿಕ್ ವಿಮಾನ ಕಿಟ್ಟುಗಳನ್ನು ತಂದ ಬ್ರಿಟನ್ನಿನ ಫ್ರಾಗ್ ಸಂಸ್ಥೆಯನ್ನೇ ನೋಡಿ. 1970ರ ದಶಕದಲ್ಲಿ ಅದು ಮುಚ್ಚಿದಾಗ ಅದರ ಬಹುಪಾಲು ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಎಂಬ ಹೆಸರಿನ ಪೆಟ್ಟಿಗೆಗಳಲ್ಲಿ ಮರಳಿ ಬಂದವು; ಎರಡನೆಯ ಮಹಾಯುದ್ಧದ ಶತ್ರುಪಕ್ಷದ ವಿಮಾನಗಳ ಅಚ್ಚುಗಳು ಮಾತ್ರ ಅಲ್ಲಿಗೆ ಬೇಡವಾಗಿ, ರೆವೆಲ್ ಸಂಸ್ಥೆಯ ಪಾಲಾದವು. ಮ್ಯಾಚ್‌ಬಾಕ್ಸ್ ಕಿಟ್ಟುಗಳ ಅಚ್ಚುಗಳೂ ಮುಂದೆ ರೆವೆಲ್‌ಗೇ ಸೇರಿದವು. ಹೀಗೆ ಒಂದೇ ಅಚ್ಚು ಮೂರು ನಾಲ್ಕು ಹೆಸರುಗಳ ಪೆಟ್ಟಿಗೆಗಳಲ್ಲಿ ಜನ್ಮವೆತ್ತುತ್ತದೆ. ಅದರ ಇತಿಹಾಸ ಬಲ್ಲ ಹಳಬರು ಪೆಟ್ಟಿಗೆಯ ಬದಿಯಲ್ಲಿನ ಭಾಗಗಳ ಚಿತ್ರ ನೋಡಿಯೇ ಗುರುತಿಸುತ್ತಾರೆ. ಹೊಸಬರಿಗೆ ಆ ದಾರಿ ಇಲ್ಲ.

ಹಳೆಯ ಅಚ್ಚೆಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೊನೊಗ್ರಾಮ್ ಸಂಸ್ಥೆ 1970ರ ದಶಕದಲ್ಲಿ ತಂದ 1/48 ಪ್ರಮಾಣದ ಬಿ-17 ಬಾಂಬರ್ ಕಿಟ್ಟನ್ನು, ಅದರ ಉಬ್ಬುಗೆರೆಗಳನ್ನೂ ಸೇರಿಸಿ, ನಾನು ಪ್ರೀತಿಸುತ್ತೇನೆ. ಅದರ ಒಡಲಿನ ಆಕಾರವನ್ನು ಹಿಡಿದ ಕುಶಲಕರ್ಮಿಯ ಕಣ್ಣು ಯಾವ ಕಂಪ್ಯೂಟರಿಗೂ ಕಡಿಮೆಯದಲ್ಲ. ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಒಡ್ಡಿ ಬಿಳುಪಾಗಿಸುವುದರಲ್ಲಿ, ಸ್ಪ್ರೂ ಎಂದು ನಾವು ಕರೆಯುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತ, ಅದು ಮೆತ್ತಗಾದ ಕ್ಷಣದಲ್ಲಿ ಎರಡೂ ಕೈಗಳಿಂದ ನಿಧಾನಕ್ಕೆ ಎಳೆದು, ಜೇಡರ ನೂಲಿನಂಥ ಆಂಟೆನಾ ತಂತಿ ಮಾಡಿಕೊಳ್ಳುವುದರಲ್ಲಿ ಇರುವ ಸುಖ ಅನುಭವಿಸಿದವರಿಗೇ ಗೊತ್ತು. ಎಷ್ಟೋ ವಿಮಾನಗಳಿಗೆ ಹಳೆಯ ಅಚ್ಚಲ್ಲದೆ ಬೇರೆ ಗತಿಯೂ ಇಲ್ಲ. ಹಳತನ್ನು ಹಳತೆಂದು ಹೇಳಿ ಮಾರಿದರೆ ನಮ್ಮ ತಕರಾರೇನೂ ಇಲ್ಲ. ಏರ್‌ಫಿಕ್ಸ್ ಸಂಸ್ಥೆ ತನ್ನ ಹಳೆಯ ಅಚ್ಚುಗಳನ್ನು ‘ವಿಂಟೇಜ್ ಕ್ಲಾಸಿಕ್ಸ್’ ಎಂಬ ಪ್ರತ್ಯೇಕ ಸಾಲಿನಲ್ಲಿ ತರುತ್ತಿದೆ. ಆ ಹೆಸರು ನೋಡಿದವನಿಗೆ ಒಳಗೇನಿದೆ ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ, ಬೇಕಾದವನು ಸಂತೋಷದಿಂದ ಕೊಳ್ಳುತ್ತಾನೆ. ಇದನ್ನು ಉಳಿದವರೂ ಏಕೆ ಮಾಡಬಾರದು?

ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಪೆಟ್ಟಿಗೆಗಳ ಮೇಲೂ ಅಚ್ಚು ಮೊದಲು ತಯಾರಾದ ಇಸವಿಯನ್ನು ಮುದ್ರಿಸಬೇಕು ಎಂಬುದು ನನ್ನ ಕೋರಿಕೆ. ಹಳೆಯ ಅಚ್ಚಿಗೆ ಕೆಲವೇ ಹೊಸ ಭಾಗಗಳನ್ನು ಸೇರಿಸಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಇಸವಿಯೊಂದರಿಂದ ಎಷ್ಟು ತಿಳಿಯುತ್ತದೆ ಎಂಬುದಕ್ಕೆ ತಮಿಯಾ ಸಂಸ್ಥೆಯ ಉದಾಹರಣೆ ಸಾಕು. ಆ ಸಂಸ್ಥೆ 1/48 ಪ್ರಮಾಣದ ಸ್ಪಿಟ್‌ಫೈರ್ ಮಾರ್ಕ್ 1 ಕಿಟ್ಟನ್ನು 1993ರಲ್ಲಿ ಒಮ್ಮೆ ತಂದಿತ್ತು. 2018ರಲ್ಲಿ ಪೂರ್ತಿ ಹೊಸ ಅಚ್ಚು ಕೊರೆಸಿ ಅದೇ ವಿಮಾನವನ್ನು ಅದೇ ಪ್ರಮಾಣದಲ್ಲಿ ಮತ್ತೆ ತಂದಿತು. ಎರಡೂ ಒಂದೇ ಹೆಸರಿನವು, ನಡುವೆ 25 ವರ್ಷಗಳ ಅಂತರ. ಯಾವುದು ಯಾವುದೆಂದು ತಿಳಿಯದ ಹೊಸಬನಿಗೆ ಆ ನಾಲ್ಕು ಅಂಕಿಗಳೇ ದಾರಿ ತೋರಿಸಬಲ್ಲವು.

ಇದು ತಯಾರಕರಿಗೆ ಹೊರೆಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಈಗ ನಾವೆಲ್ಲ ಸಹಜವೆಂದುಕೊಂಡಿರುವ ಪ್ರಮಾಣದ ಅಂಕಿಗೂ ಒಂದು ಕಾಲದಲ್ಲಿ ಇಂಥದೇ ಸ್ಥಿತಿ ಇತ್ತು. 1950ರ ದಶಕದಲ್ಲಿ ಅನೇಕ ಕಿಟ್ಟುಗಳನ್ನು ಪೆಟ್ಟಿಗೆಯ ಅಳತೆಗೆ ಹೊಂದುವಂತೆ ಹಿಗ್ಗಿಸಿ ಕುಗ್ಗಿಸಿ ಮಾಡುತ್ತಿದ್ದರು. ರೆವೆಲ್ 1953ರಲ್ಲಿ ತಂದ ಮಿಸ್ಸೌರಿ ಯುದ್ಧನೌಕೆಯ ಪ್ರಮಾಣ 1/535. ಅದರ ಪಕ್ಕದಲ್ಲಿ ಇಡಲು ಅದೇ ಪ್ರಮಾಣದ ಇನ್ನೊಂದು ಹಡಗು ಹುಡುಕುವವನ ಪಾಡು ಊಹಿಸಿಕೊಳ್ಳಿ. ಇಂದು ಟ್ಯಾಂಕ್‌ಗಳಿಗೆ ಜಗತ್ತೆಲ್ಲ ಒಪ್ಪಿಕೊಂಡಿರುವ 1/35 ಕೂಡ ಯಾರೂ ಕುಳಿತು ಲೆಕ್ಕ ಹಾಕಿ ಆರಿಸಿದ್ದಲ್ಲ: 1960ರ ದಶಕದ ಹೊಸ್ತಿಲಲ್ಲಿ ತಮಿಯಾ ತಂದ ಪ್ಯಾಂಥರ್ ಟ್ಯಾಂಕ್ ಕಿಟ್ಟಿನೊಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಾಗಿದ್ದರಿಂದ ಒದಗಿ ಬಂದ ಅಳತೆ ಅದು. ಹಾಗೆ ಗೊತ್ತುಗುರಿಯಿಲ್ಲದೆ ಹುಟ್ಟಿದ ಅಂಕಿಗಳು ಕ್ರಮೇಣ ಒಂದು ಶಿಸ್ತಿಗೆ ಬಂದವು. 1971ರಲ್ಲಿ ಜಪಾನಿನ ನಾಲ್ಕು ಸಂಸ್ಥೆಗಳು, ಪರಸ್ಪರ ಪೈಪೋಟಿಯಲ್ಲಿದ್ದವೇ, ಒಟ್ಟಾಗಿ ಹಡಗುಗಳನ್ನು ಹಂಚಿಕೊಂಡು 1/700 ಪ್ರಮಾಣದಲ್ಲಿ, ನೀರಿನ ಮೇಲೆ ಕಾಣುವ ಭಾಗವನ್ನಷ್ಟೇ ತೋರಿಸುವ ವಾಟರ್‌ಲೈನ್ ಸರಣಿಯನ್ನು ಆರಂಭಿಸಿದವು. ಅಷ್ಟು ದೊಡ್ಡ ಒಪ್ಪಂದ ಸಾಧ್ಯವಾದ ಉದ್ಯಮಕ್ಕೆ ಪೆಟ್ಟಿಗೆಯ ಬದಿಯಲ್ಲಿ ಒಂದು ಇಸವಿ ಬರೆಯುವುದು ಕಷ್ಟವೇ?

ಇನ್ನು ತಮ್ಮ ಪತ್ರಿಕೆಯಲ್ಲೊಂದು ವಿನಂತಿ. ಜರ್ಮನಿಯ ನ್ಯೂರೆಂಬರ್ಗ್‌ನ ಆಟಿಕೆ ಮೇಳ, ಜಪಾನಿನ ಶಿಜುವೋಕಾದ ಹವ್ಯಾಸ ಮೇಳ, ಬ್ರಿಟನ್ನಿನ ಟೆಲ್‌ಫರ್ಡ್‌ನ ಪ್ರದರ್ಶನಗಳಲ್ಲಿ ಪ್ರತಿವರ್ಷ ಹೊಸ ಕಿಟ್ಟುಗಳ ಘೋಷಣೆಗಳು ಬರುತ್ತವೆ. ಅವನ್ನು ಸುದ್ದಿಯಾಗಿ ಕೊಡುವುದು ಸರಿಯೇ. ಆದರೆ ಕಿಟ್ಟಿನ ವಿಮರ್ಶೆ ಎಂದು ಪ್ರಕಟಿಸುವಾಗ, ಪೆಟ್ಟಿಗೆ ತೆರೆದು ಭಾಗಗಳನ್ನು ಎಣಿಸಿದವರ ಮಾತಿಗಿಂತ, ಅದನ್ನು ಜೋಡಿಸಿ ಮುಗಿಸಿದವರ ಮಾತಿಗೆ ಜಾಗ ಕೊಡಿ. ಭಾಗಗಳ ಸಂಖ್ಯೆ ಗುಣಮಟ್ಟದ ಅಳತೆಯಲ್ಲ. ಮುನ್ನೂರು ಭಾಗಗಳ ಕಿಟ್ಟೊಂದನ್ನು ನಾನು ಕಳೆದ ವರ್ಷ ಕೈಗೆತ್ತಿಕೊಂಡೆ; ಎಂಜಿನ್ ಒಂದರಲ್ಲೇ ನಲವತ್ತು ತುಣುಕುಗಳು, ಅಷ್ಟನ್ನೂ ಬಣ್ಣ ಬಳಿದು ಕೂಡಿಸಿದ ಮೇಲೆ ಮುಚ್ಚಳದ ತಗಡು ಎಂಜಿನ್ನಿನ ಮೇಲೆ ಕೂರಲೇ ಇಲ್ಲ. ಭಾಗಗಳು ಸ್ಪ್ರೂನಲ್ಲಿ ಇರುವಾಗ ಎಲ್ಲವೂ ಚೆಂದ. ರೆಕ್ಕೆಯ ಬುಡ ಹೇಗೆ ಕೂಡುತ್ತದೆ, ಕಾಕ್‌ಪಿಟ್ ಒಳಗಿಟ್ಟ ಮೇಲೆ ಒಡಲಿನ ಎರಡು ಹೋಳುಗಳು ಮುಚ್ಚಿಕೊಳ್ಳುತ್ತವೆಯೇ, ಪಾರದರ್ಶಕ ಭಾಗಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆಯೇ, ಡೆಕಾಲ್ ನೀರಿನಿಂದ ಜಾರಿದ ಮೇಲೆ ಗೆರೆಗಳ ಒಳಕ್ಕೆ ಇಳಿಯುತ್ತದೆಯೇ ಅಥವಾ ಅಡಿಯಲ್ಲಿ ಗಾಳಿ ಹಿಡಿದು ಬೆಳ್ಳಿಯಂತೆ ಮಿನುಗುತ್ತದೆಯೇ ಎಂಬುದು ಕೈಗೆ ಅಂಟು ಮೆತ್ತಿದವರಿಗೇ ತಿಳಿಯುವ ಸಂಗತಿ. ಪ್ರತಿ ವಿಮರ್ಶೆಯ ಮೊದಲ ಸಾಲಿನಲ್ಲಿ ಪ್ರಮಾಣ ಮತ್ತು ಅಚ್ಚಿನ ಇಸವಿ ಎರಡನ್ನೂ ಕೊಟ್ಟರೆ, ಪೆಟ್ಟಿಗೆ ಮುಚ್ಚಿಟ್ಟದ್ದನ್ನು ಪತ್ರಿಕೆ ತೆರೆದಂತಾಗುತ್ತದೆ. ಹೊಸಬರಿಗಾಗಿ ಬರೆಯುವಾಗ, ಐವತ್ತು ಅರವತ್ತು ಭಾಗಗಳನ್ನು ಮೀರದ, ಇತ್ತೀಚಿನ ಅಚ್ಚಿನ ಕಿಟ್ಟುಗಳನ್ನೇ ಸೂಚಿಸಿ. ಅಂಟು ಮತ್ತು ಬಣ್ಣದ ಕೆಲಸವನ್ನು ಗಾಳಿಯಾಡುವ ಕಡೆ ಮಾಡಬೇಕು, ರೆಸಿನ್ ಎಂಬ ಗಟ್ಟಿ ರಾಳದ ಭಾಗಗಳನ್ನು ಉಜ್ಜುವಾಗ ಮುಖಗವಸು ಹಾಕಬೇಕು ಎಂಬುದನ್ನೂ ಮರೆಯದೆ ಹೇಳಿ.

ಅಕ್ಕನ ಮಗನ ಆ ವಿಮಾನವನ್ನು ನಾವಿಬ್ಬರೂ ಸೇರಿ ಪೂರ್ತಿ ಮಾಡಿದೆವು. ಬುಡದ ಸಂದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಪಟ್ಟಿ ಕತ್ತರಿಸಿ ತುಂಬಿದೆವು, ಮೇಲೆ ಪುಟ್ಟಿ ಸವರಿದೆವು, ಒಂದು ದಿನ ಆರಲು ಬಿಟ್ಟು 400ರಿಂದ ಆರಂಭಿಸಿ 1000ದ ಉಪ್ಪುಕಾಗದದವರೆಗೆ ನೀರು ಹಾಕಿ ತಿಕ್ಕಿದೆವು. ಮಂಜಾದ ಮುಚ್ಚಳಕ್ಕೆ ಬದಲಿ ಸಿಗಲಿಲ್ಲ. ಅದನ್ನು ಹಿಂದಕ್ಕೆ ಸರಿಸಿ ತೆರೆದಂತೆ ಕೂರಿಸಿ, ಬಿಳಿ ಅಂಟಿನಿಂದ ಹಿಡಿಸಿದೆವು. ಹೆಬ್ಬೆರಳಿನ ಗುರುತನ್ನು ಉಜ್ಜಿ ತೆಗೆಯಲು ನಾನು ಹೊರಟಾಗ ಅವನು ಬೇಡವೆಂದ. ಮುಂದಿನ ಬಾರಿ ಅವನಿಗೆ ಇತ್ತೀಚಿನ ಅಚ್ಚಿನ ಕಿಟ್ಟೊಂದು ಕೊಡಿಸಿದೆ. ರೆಕ್ಕೆ ಅಂಟಿಲ್ಲದೆಯೇ ‘ಟಕ್’ ಎಂದು ಕೂತಾಗ ಅವನು ತಲೆಯೆತ್ತಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಮುಂದಿದೆ. ಈಗ ಅವನ ಕಪಾಟಿನಲ್ಲಿ ಆರು ಪೆಟ್ಟಿಗೆಗಳಿವೆ. ಯಾವುದನ್ನೇ ತಂದರೂ ಮೊದಲು ರೆಕ್ಕೆಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ಸಿಕ್ಕಿದ ಇಸವಿಯನ್ನು ಪೆಟ್ಟಿಗೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಾನೆ. ತಯಾರಕರು ಬರೆಯುವವರೆಗೆ ಹುಡುಗನೇ ಬರೆಯುತ್ತಿರಲಿ ಎಂದು ನಾನೂ ಸುಮ್ಮನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ಕೇಲ್ ಮಾಡೆಲ್ ಹವ್ಯಾಸಿ